ಡಿಜಿಟಲ್ ಬೆಂಚ್ ಪವರ್ ಸಪ್ಲೈ ರಿಪೇರಿ: ಫ್ಲ್ಯಾಶ್ ಹೊಡೆಯುವ ಮೊದಲು ಮಾಡಬೇಕಾದ ಕೆಲಸಗಳು

ಡಿಜಿಟಲ್ ಬೆಂಚ್ ಪವರ್ ಸಪ್ಲೈ ಅಂದರೆ ಬೇಕಾದ ವೋಲ್ಟೇಜ್, ಕರೆಂಟ್ ಸೆಟ್ ಮಾಡಿಕೊಳ್ಳಬಹುದಾದ ರಿಪೇರಿ ಬೆಂಚಿನ ಯಂತ್ರ. ಅದರ ಸ್ಕ್ರೀನ್ ಮೇಲೆ ಏನಾದರೂ ವಿಚಿತ್ರ ಕಂಡ ತಕ್ಷಣ "ಸಾಫ್ಟ್‌ವೇರ್ ಹೋಗಿದೆ ಮಾರಾಯ, ಹೊಸದು ಹಾಕ್ಬೇಕು" ಅನ್ನುವುದು ನಮ್ಮ ಕಡೆ ರೂಢಿ. ಮೊಬೈಲ್ ರಿಪೇರಿ ಮಾಡುವವರ ಬೆಂಚಿನಿಂದ ಬಂದ ಮಾತು ಇರಬೇಕು. ಹಾಗಾದರೆ ಅವರಿಗೆ ಅವರದೇ ಭಾಷೆಯಲ್ಲಿ ಹೇಳಬಹುದು. ಫೋನಿನಲ್ಲಿ ಐಎಂಇಐ (ಆ ಫೋನಿನದೇ ಗುರುತಿನ ನಂಬರ್) ಅಳಿಸಿದರೆ ಏನಾಗುತ್ತದೋ, ಪವರ್ ಸಪ್ಲೈನಲ್ಲಿ ಕ್ಯಾಲಿಬ್ರೇಶನ್ (ಅಳತೆ ಸರಿಪಡಿಸುವ ಅಂಕಿಗಳು) ಅಳಿಸಿದರೆ ಅದೇ ಪಾಡು. ಆ ಅಂಕಿಗಳನ್ನು ಕಾರ್ಖಾನೆಯಲ್ಲಿ ಆ ಒಂದು ಪೀಸನ್ನೇ ಅಳೆದು ಬರೆದಿರುತ್ತಾರೆ. ಅದೇ ಮಾದರಿಯ ಇನ್ನೊಂದು ಪೀಸಿನ ಅಂಕಿ ಇದಕ್ಕೆ ಹೊಂದುವುದಿಲ್ಲ, ಯಾವ ವೆಬ್‌ಸೈಟ್‌ನಲ್ಲೂ ಡೌನ್‌ಲೋಡ್ ಸಿಗುವುದಿಲ್ಲ.

ಅದಕ್ಕೇ ಇಲ್ಲಿನ ಕ್ರಮ ಹೀಗೆ: ಮೊದಲು ತೊಳೆದು ಒಳಗಿನ ಸಪ್ಲೈ ನೋಡುವುದು, ಆಮೇಲೆ ಬ್ಯಾಕಪ್, ಫ್ಲ್ಯಾಶ್ (ಚಿಪ್ಪಿನೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಹೊಸದಾಗಿ ಬರೆಯುವುದು) ಕಟ್ಟಕಡೆಗೆ. ಫರ್ಮ್‌ವೇರ್ ಕೆಟ್ಟಿದೆ ಅಂದುಕೊಂಡ ಕೇಸುಗಳಲ್ಲಿ ಬಹಳಷ್ಟು ಮೊದಲ ಹಂತದಲ್ಲೇ ಮುಗಿಯುತ್ತವೆ.

ನಿಮ್ಮದು ಯಾವ ಜಾತಿಯದು?

ಸಾಮಾನ್ಯವಾಗಿ ಎರಡು ಬಗೆ. ಒಂದು, ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಸಪ್ಲೈ. ಕೊರಾಡ್ ಕೆಎ3005ಡಿ ಇಂಥದ್ದು, 30 ವೋಲ್ಟ್, 5 ಆಂಪ್. ವೋಲ್ಟೇಜ್ ಏರಿಸುತ್ತಾ ಹೋದರೆ ಒಳಗೆ ರಿಲೇ 'ಟಿಕ್' ಅನ್ನುತ್ತದೆ. ಅದು ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಾಯಿಸುವ ಸದ್ದು. ಇನ್ನೊಂದು, ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಸಪ್ಲೈ) ಮುಂದೆ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ) ಮಾಡ್ಯೂಲ್ ಕೂರಿಸಿದ್ದು. 50 ವೋಲ್ಟ್ 5 ಆಂಪ್‌ನ ಡಿಪಿಎಸ್5005, 60 ವೋಲ್ಟ್ 6 ಆಂಪ್‌ನ ಆರ್‌ಡಿ6006 ಈ ಬಗೆಯವು. ಎರಡರಲ್ಲೂ ಮೆದುಳು ಒಂದು ಮೈಕ್ರೋಕಂಟ್ರೋಲರ್. ಹೆಚ್ಚಾಗಿ ಎಸ್‌ಟಿಎಂ32 ಅಥವಾ ಅದಕ್ಕೆ ಹೊಂದುವ ಚೀನಾ ಚಿಪ್.

ಸೋಲಾರ್ ಬೇಲಿಯ ಎನರ್ಜೈಸರ್, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್, ಇ-ಬೈಕ್ ಬ್ಯಾಟರಿ ರಿಪೇರಿ ಮಾಡುವವರ ಬೆಂಚಿನ ಮೇಲೆ ಹೆಚ್ಚಾಗಿ ಕಾಣುವುದು ಈ ಎರಡೇ ಬಗೆ.

ಸಾಮಾನು ಜಾಸ್ತಿ ಬೇಡ. ಒಂದು ನಂಬಬಹುದಾದ ಮಲ್ಟಿಮೀಟರ್, ಚಿಪ್ಪಿನ ಮೆಮೊರಿ ಓದಿ ಬರೆಯುವ ಎಸ್‌ಟಿ-ಲಿಂಕ್ ಪ್ರೋಗ್ರಾಮರ್, ಯುಎಸ್‌ಬಿ ಸೀರಿಯಲ್ ಕೇಬಲ್, 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್, ಹಳೇ ಹಲ್ಲುಜ್ಜುವ ಬ್ರಷ್, ಹೇರ್ ಡ್ರೈಯರ್, 60 ವ್ಯಾಟಿನ ಹಳೇ ಕಾಲದ ಫಿಲಮೆಂಟ್ ಬಲ್ಬ್. ಎಸ್‌ಟಿ-ಲಿಂಕ್ ಊರಲ್ಲಿ ಸಿಗದಿದ್ದರೆ ಆನ್‌ಲೈನ್ ಇದೆ, ಬೆಂಗಳೂರಿಗೆ ಹೋಗುವವರಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ ಇದೆ.

ಮುಚ್ಚಳ ತೆಗೆಯುವಾಗ

ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೇ ಮನೆಗಳ ವೈರಿಂಗ್‌ನಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ಕತ್ತರಿಸುವುದೂ ಉಂಟು.

ಎಸ್‌ಎಂಪಿಎಸ್ ಬಗೆಯಲ್ಲಿ ದೊಡ್ಡ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. 230ರ ಪೀಕ್ ಅಷ್ಟು. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಬಹುದು. ಬಲ್ಬ್ ಹೋಲ್ಡರಿನ ಎರಡು ವೈರನ್ನು, ತುದಿ ಬಿಟ್ಟು ಉಳಿದದ್ದೆಲ್ಲ ಇನ್ಸುಲೇಟ್ ಆಗಿರುವಂತೆ, ಕೆಪಾಸಿಟರ್ ಕಾಲುಗಳಿಗೆ ತಾಗಿಸಿ. ಆಮೇಲೆ ಮೀಟರಿನಲ್ಲಿ ಅಳೆಯಿರಿ. 10 ವೋಲ್ಟಿಗಿಂತ ಕೆಳಗೆ ಬರುವ ತನಕ ಕೈ ಹಾಕಬೇಡಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಶೋಕಿ ಬೇಡ. ಕೆಪಾಸಿಟರಿಗೂ ಕೆಟ್ಟದ್ದು, ಕಣ್ಣಿಗೂ ಕೆಟ್ಟದ್ದು.

ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ಪ್ಲಗ್ ಕಿತ್ತಿರುವಾಗಲೇ ಮೈಕ್ರೋಕಂಟ್ರೋಲರಿನ ಗ್ರೌಂಡಿಗೂ ಪ್ಲಗ್ಗಿನ ಫೇಸ್, ನ್ಯೂಟ್ರಲ್ ಪಿನ್ನಿಗೂ ನಡುವೆ ಓಮ್ಸ್ ಅಳೆಯಿರಿ. ಓಪನ್ ಇರಬೇಕು. ಇಲ್ಲದಿದ್ದರೆ ಆ ಕಂಟ್ರೋಲ್ ಬೋರ್ಡು ಮೇನ್ಸ್‌ಗೆ ಸೇರಿಕೊಂಡಿದೆ ಅಂತ ಅರ್ಥ, ಲ್ಯಾಪ್‌ಟಾಪ್ ಹತ್ತಿರವೂ ತರಬಾರದು. ಓಪನ್ ಇದ್ದರೂ ಪ್ರೋಗ್ರಾಮ್ ಮಾಡುವಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಹಲವು ಮಾಡ್ಯೂಲ್‌ಗಳಲ್ಲಿ ಯುಎಸ್‌ಬಿ ಗ್ರೌಂಡ್ ಮತ್ತು ಔಟ್‌ಪುಟ್ ಮೈನಸ್ ಒಳಗೊಳಗೇ ಸೇರಿರುತ್ತವೆ. ಚಾರ್ಜರ್ ಮೂಲಕ ಅರ್ಥಿಂಗ್ ಸೇರಿಕೊಂಡರೆ ರೀಡಿಂಗ್ ತಪ್ಪುತ್ತದೆ, ಕೆಲವೊಮ್ಮೆ ಪೋರ್ಟೇ ಸುಡುತ್ತದೆ.

ಮಳೆಗಾಲ ಮಾಡುವ ಕಿತಾಪತಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ಇನ್ನು ಸರ್ಕ್ಯೂಟ್ ಬೋರ್ಡ್ ಹೇಗೆ ಒಣಗಿರುತ್ತದೆ? ಫ್ಯಾನ್ ಬೇರೆ ಹೊರಗಿನ ಗಾಳಿಯನ್ನೇ ಎಳೆದು ಧೂಳಿನ ಜೊತೆ ಬೋರ್ಡಿಗೆ ಬಳಿಯುತ್ತಿರುತ್ತದೆ. ಒಣ ಧೂಳು ಸುಮ್ನೆ ಕೂತಿರುತ್ತದೆ. ಒದ್ದೆ ಧೂಳು ಕರೆಂಟ್ ಹರಿಸುತ್ತದೆ.

ಎಷ್ಟು ಹರಿದರೆ ತೊಂದರೆ? ಒಂದು ಲೆಕ್ಕ ಹಾಕೋಣ. ಔಟ್‌ಪುಟ್ ವೋಲ್ಟೇಜನ್ನು ಅಳೆದು ಹಿಂದಕ್ಕೆ ಕಳಿಸುವ ಡಿವೈಡರಿನಲ್ಲಿ ಕೆಳಗಿನ ರೆಸಿಸ್ಟರ್ 10 ಕಿಲೋ ಓಮ್ ಇದೆ ಅಂದುಕೊಳ್ಳಿ. ಅದರ ಪಕ್ಕದ ಒದ್ದೆ ಕೊಳೆ 1 ಮೆಗಾ ಓಮ್ ರೆಸಿಸ್ಟರಿನಂತೆ ವರ್ತಿಸಿದರೆ ಒಟ್ಟು 9.9 ಕಿಲೋ ಓಮ್ ಆಗುತ್ತದೆ. ಮೇಲಿನ ರೆಸಿಸ್ಟರ್ ತುಂಬಾ ದೊಡ್ಡದಿದ್ದರೆ ಸುಮಾರು ಶೇ. 1ರಷ್ಟು ತಪ್ಪು. ಯಂತ್ರ ತನಗೆ ಕಡಿಮೆ ವೋಲ್ಟೇಜ್ ಬರುತ್ತಿದೆ ಅಂದುಕೊಂಡು ಔಟ್‌ಪುಟ್ ಏರಿಸುತ್ತದೆ. ಸ್ಕ್ರೀನ್ ಮೇಲೆ 12.00 ಅಂತಲೇ ಇರುತ್ತದೆ, ಟರ್ಮಿನಲ್‌ನಲ್ಲಿ 12.12. ಇದನ್ನು ನೋಡಿ "ಕ್ಯಾಲಿಬ್ರೇಶನ್ ಹೋಯ್ತು" ಅಂತ ಹೊಸ ಅಂಕಿ ಬರೆದುಬಿಟ್ಟರೆ ನವೆಂಬರ್‌ನಲ್ಲಿ ಬೋರ್ಡ್ ಒಣಗಿದ ಮೇಲೆ ತಪ್ಪು ಇನ್ನೊಂದು ಕಡೆಗೆ ತಿರುಗುತ್ತದೆ.

ಆದ್ದರಿಂದ ಮೊದಲ ಕೆಲಸ ತೊಳೆಯುವುದು. ಐಸೋಪ್ರೊಪೈಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಹೇರ್ ಡ್ರೈಯರಿನ ಹದವಾದ ಬಿಸಿಯಲ್ಲಿ ಒಣಗಿಸಿ. ಡಿಸ್‌ಪ್ಲೇ ಮೇಲೆ, ರಿಲೇ ಒಳಗೆ ಆಲ್ಕೋಹಾಲ್ ಇಳಿಯದ ಹಾಗೆ ನೋಡಿಕೊಳ್ಳಿ. ಫ್ಯಾನ್ ಜಾಲರಿಯನ್ನೂ ಬೆಳಕಿಗೆ ಹಿಡಿದು ನೋಡಿ. ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರಬಹುದು. ಹಲ್ಲಿ ಹಿಕ್ಕೆ, ಇರುವೆ ಮೊಟ್ಟೆ ಕೂಡ ನಮ್ಮ ಕಡೆ ಬಿಡಿಭಾಗಗಳ ಪಟ್ಟಿಗೇ ಸೇರಿದವು.

ಮಳೆಗಾಲದ ಇನ್ನೊಂದು ಬಲಿ ತಿರುಗಿಸುವ ಗುಂಡಿ, ಅಂದರೆ ರೋಟರಿ ಎನ್‌ಕೋಡರ್. ಒಂದು ಸಲ ತಿರುಗಿಸಿದರೆ ನಾಲ್ಕು ಮೆಟ್ಟಿಲು ಹಾರುವುದು, ಮೇಲೆ ತಿರುಗಿಸಿದರೆ ಕೆಳಗೆ ಹೋಗುವುದು, ಎಲ್ಲ ಫರ್ಮ್‌ವೇರ್ ಹುಚ್ಚಿನ ಹಾಗೇ ಕಾಣುತ್ತದೆ. ಒಳಗಿನ ಕಾಂಟ್ಯಾಕ್ಟ್‌ಗೆ ಕಿಲುಬು ಹಿಡಿದಿರುತ್ತದೆ ಅಷ್ಟೇ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಚೆನ್ನಾಗಿ ತಿರುಗಿಸಿ. ಸರಿಯಾಗದಿದ್ದರೆ ಎನ್‌ಕೋಡರ್ ಬದಲಾಯಿಸಿ, ದುಬಾರಿಯೇನಲ್ಲ. ಗುಂಡಿ ಒತ್ತಿದ ಸ್ಥಿತಿಯಲ್ಲೇ ಅಂಟಿಕೊಂಡಿದ್ದರೆ ಇನ್ನೂ ತಮಾಷೆ. ಕೆಲವು ಮಾದರಿಗಳಲ್ಲಿ ಒಂದು ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಅಪ್‌ಡೇಟ್ ಮೋಡಿಗೆ ಹೋಗುತ್ತದೆ. ಬಟನ್ ಒಳಗೆ ತೇವ ಕೂತು ಶಾರ್ಟ್ ಆದರೆ ಪ್ರತಿ ಸಲ ಆನ್ ಮಾಡಿದಾಗಲೂ ಯಂತ್ರ ಅಪ್‌ಡೇಟ್‌ಗೆ ಕಾಯುತ್ತಾ ನಿಲ್ಲುತ್ತದೆ. ಪ್ರತಿ ಬಟನ್ನಿನ ಎರಡು ಕಾಲುಗಳ ನಡುವೆ ಓಮ್ಸ್ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

3.3 ವೋಲ್ಟ್ ಅಳೆಯಿರಿ

ಚಿಪ್ಪಿಗೆ ಸರಿಯಾದ ಸಪ್ಲೈ ಇಲ್ಲದಿದ್ದರೆ ಎಂಥ ಒಳ್ಳೆ ಫರ್ಮ್‌ವೇರ್ ಹಾಕಿದರೂ ಪ್ರಯೋಜನ ಇಲ್ಲ. ರಿಪೇರಿ ಆದ ಮೇಲೆ ಮೊದಲ ಸಲ ಆನ್ ಮಾಡುವಾಗ ಮೇನ್ಸ್ ಸಾಲಿನಲ್ಲಿ 60 ವ್ಯಾಟ್ ಬಲ್ಬನ್ನು ಸೀರೀಸ್ ಹಾಕಿ. ಬಲ್ಬ್ ಒಮ್ಮೆ ಮಿನುಗಿ ಮಂದವಾದರೆ ಒಳ್ಳೆಯದು. ಪೂರ್ತಿ ಉರಿದರೆ ಒಳಗೆಲ್ಲೋ ಶಾರ್ಟ್ ಇದೆ.

ಮೂರು ಕಾಲಿನ ರೆಗ್ಯುಲೇಟರ್ ಹುಡುಕಿ. ಹೆಚ್ಚಾಗಿ ಎಎಂಎಸ್1117 ಇರುತ್ತದೆ. ಅದರ ಔಟ್‌ಪುಟ್ 3.2ರಿಂದ 3.4ರ ಒಳಗಿರಬೇಕು. ಕಡಿಮೆ ಇದ್ದರೆ ತಕ್ಷಣ ಅದನ್ನೇ ಬೈಯಬೇಡಿ, ಇನ್‌ಪುಟ್ ಅಳೆಯಿರಿ. ಈ ರೆಗ್ಯುಲೇಟರಿಗೆ ಸುಮಾರು 1.3 ವೋಲ್ಟ್ ಹೆಚ್ಚುವರಿ ಬೇಕು. ಅಂದರೆ ಇನ್‌ಪುಟ್ 4.6ಕ್ಕಿಂತ ಕೆಳಗೆ ಇಳಿದರೆ 3.3 ನಿಲ್ಲುವುದು ಕಷ್ಟ. ಐದು ವೋಲ್ಟಿನ ಸಾಲು 4.3ಕ್ಕೆ ಕುಸಿದಿದ್ದರೆ ಅಪರಾಧಿ ಇನ್ನೂ ಹಿಂದೆ ಇದ್ದಾನೆ.

ಆಮೇಲೆ ಮೀಟರನ್ನು ಎಸಿಗೆ ತಿರುಗಿಸಿ ಅದೇ ಜಾಗದಲ್ಲಿ ಅಳೆಯಿರಿ. 50 ಮಿಲಿವೋಲ್ಟಿಗಿಂತ ಜಾಸ್ತಿ ಕಂಡರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರುವ ಅನುಮಾನ. ಇದಕ್ಕೆ ಒಂದು ಪಕ್ಕಾ ಲಕ್ಷಣ ಇದೆ. ಚಳಿಗಾಲದ ಬೆಳಿಗ್ಗೆ ಯಂತ್ರ ಲೋಗೋದಲ್ಲೇ ನಿಲ್ಲುತ್ತದೆ, ಮಧ್ಯಾಹ್ನ ಸರಿಯಾಗಿ ಓಡುತ್ತದೆ. ಕೆಪಾಸಿಟರಿಗೆ ಡ್ರೈಯರಿನ ಬಿಸಿಗಾಳಿ ಕೊಟ್ಟ ತಕ್ಷಣ ಎದ್ದರೆ ಫರ್ಮ್‌ವೇರ್ ಮಾತೇ ಬೇಡ, 105 ಡಿಗ್ರಿಯ ಹೊಸ ಕೆಪಾಸಿಟರ್ ಹಾಕಿ.

ಇನ್ನು ಲಕ್ಷಣಗಳನ್ನು ಓದುವುದು. ಸ್ಕ್ರೀನ್ ಬರೀ ಬಿಳಿ: ಬ್ಯಾಕ್‌ಲೈಟ್‌ಗೆ ಸಪ್ಲೈ ಇದೆ, ಚಿಪ್ ಮಾತಾಡುತ್ತಿಲ್ಲ ಅಥವಾ ಡಿಸ್‌ಪ್ಲೇ ರಿಬ್ಬನ್ ಸಡಿಲವಾಗಿದೆ. ರಿಬ್ಬನ್ ತೆಗೆದು ಒರೆಸಿ ಮತ್ತೆ ಕೂರಿಸಿ. ಒಂದು ವೋಲ್ಟೇಜ್ ದಾಟಿದ ಮೇಲೆ ಮಾತ್ರ ಔಟ್‌ಪುಟ್ ಕುಸಿಯುತ್ತದೆ: ಲೀನಿಯರ್ ಸಪ್ಲೈನಲ್ಲಿ ಆ ಟ್ಯಾಪಿನ ರಿಲೇ ಕಾಂಟ್ಯಾಕ್ಟ್ ಹೋಗಿದೆ. ಗಡಿಯಾರ ಮಾತ್ರ ತಪ್ಪುತ್ತದೆ: ನಾಣ್ಯದಂಥ ಬ್ಯಾಟರಿ ಬದಲಾಯಿಸಿ. ಕಂಪ್ಯೂಟರಿಗೆ ಸಿಗುವುದಿಲ್ಲ: ಚಾರ್ಜಿಂಗ್‌ಗೆ ಮಾತ್ರ ಆಗುವ ಕೇಬಲ್ ಇರಬಹುದು, ಯುಎಸ್‌ಬಿ ಸೀರಿಯಲ್ ಚಿಪ್ಪಿನ ಸಿಎಚ್340 ಡ್ರೈವರ್ ಇಲ್ಲದಿರಬಹುದು, ಬಾಡ್ ರೇಟ್ (ಮಾತಾಡುವ ವೇಗ) ಹೊಂದದಿರಬಹುದು. ಕೊರಾಡ್ ಮಾದರಿ ಮಾತಾಡುವುದು 9600ರಲ್ಲಿ, ಆರ್‌ಡಿ6006 ಮಾಮೂಲಾಗಿ 115200ರಲ್ಲಿ.

ನಿಜವಾಗಿ ಫರ್ಮ್‌ವೇರ್ ಅಥವಾ ಮೆಮೊರಿ ಕಡೆಯ ಲಕ್ಷಣಗಳು ಇವು: ಸಪ್ಲೈ ಸರಿಯಿದ್ದೂ ಅಪ್‌ಡೇಟ್ ಅರ್ಧಕ್ಕೆ ನಿಂತ ಮೇಲೆ ಎದ್ದೇಳದಿರುವುದು, ಸೆಟ್ಟಿಂಗ್‌ನಲ್ಲಿ ಅಸಾಧ್ಯದ ಅಂಕಿ ಕಾಣುವುದು, ಆಫ್ ಮಾಡಿದಾಗಲೆಲ್ಲ ಎಲ್ಲ ಮರೆತುಬಿಡುವುದು. ಈ ಕೊನೆಯದಕ್ಕೆ ಕಾರಣ ಸವೆತ ಇರಬಹುದು. ಎಸ್‌ಟಿಎಂ32ಎಫ್103ರ ಒಳಗಿನ ಫ್ಲ್ಯಾಶ್ ಮೆಮೊರಿಯನ್ನು ಅಳಿಸಿ ಬರೆಯುವುದಕ್ಕೆ 10,000 ಸಲದ ಖಾತ್ರಿ. ಹೊರಗಿನ 24ಸಿ ಸರಣಿಯ ಈಈಪ್ರಾಮ್‌ಗೆ (ಸೆಟ್ಟಿಂಗ್ ನೆನಪಿಡುವ ಪುಟ್ಟ ಮೆಮೊರಿ ಚಿಪ್ಪಿಗೆ) 10 ಲಕ್ಷ. ಗುಂಡಿ ತಿರುಗಿಸಿದಾಗಲೆಲ್ಲ ಒಳಗಿನ ಫ್ಲ್ಯಾಶಿಗೇ ಬರೆಯುವ ಸೋಮಾರಿ ಫರ್ಮ್‌ವೇರ್ ಇದ್ದರೆ ಹತ್ತು ಸಾವಿರ ಏನೂ ಅಲ್ಲ. ಬರೆಯುತ್ತಿರುವ ಆ ಕ್ಷಣದಲ್ಲೇ ಕರೆಂಟ್ ಹೋದರೆ ಅರ್ಧ ಬರೆದ ಅಂಕಿ ಉಳಿಯುತ್ತದೆ. ಜೋಗದಲ್ಲಿ 1948ರಿಂದ ಕರೆಂಟ್ ಹುಟ್ಟುತ್ತಿದೆ ನಿಜ. ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಪಕ್ಕದ ಸಾಗರಕ್ಕೂ ಕತ್ತಲೆಯೇ ಅಲ್ವಾ?

ಬ್ಯಾಕಪ್

ಇಲ್ಲಿ ಅವಸರ ಬೇಡ. ಯಂತ್ರ ಇನ್ನೂ ಸ್ವಲ್ಪವಾದರೂ ಓಡುತ್ತಿದ್ದರೆ ಮೊದಲು ಮೊಬೈಲ್ ತೆಗೆಯಿರಿ. ಆನ್ ಆಗುವಾಗ ಕಾಣುವ ಫರ್ಮ್‌ವೇರ್ ವರ್ಷನ್, ಎಲ್ಲ ಮೆನು ಪುಟ, ಸರ್ವಿಸ್ ಮೆನುವಿನಲ್ಲಿ ಕ್ಯಾಲಿಬ್ರೇಶನ್ ಅಂಕಿ ಕಾಣುವಂತಿದ್ದರೆ ಅದೂ, ಎಲ್ಲದರ ಫೋಟೋ ತೆಗೆದಿಡಿ. ಬೋರ್ಡಿನ ಎರಡೂ ಬದಿ, ಅದರ ಮೇಲೆ ಅಚ್ಚಾದ ರಿವಿಷನ್ ನಂಬರ್ ಕೂಡ.

ಎಂಟು ಕಾಲಿನ ಪುಟ್ಟ ಚಿಪ್, ಮೇಲೆ 24ಸಿ02, 24ಸಿ16 ಅಂತೇನಾದರೂ ಇದ್ದರೆ ಕ್ಯಾಲಿಬ್ರೇಶನ್ ಅದರಲ್ಲೇ ಇರುವ ಸಾಧ್ಯತೆ ಹೆಚ್ಚು. ಸಿಎಚ್341ಎ ಪ್ರೋಗ್ರಾಮರಿನಲ್ಲಿ ಓದಬಹುದು. ಆದರೆ ಒಂದು ಎಚ್ಚರಿಕೆ. ಮಾರುಕಟ್ಟೆಯ ಕಪ್ಪು ಬಣ್ಣದ ಸಿಎಚ್341ಎ ಬೋರ್ಡ್ ಡೇಟಾ ಲೈನ್‌ಗಳಿಗೆ 5 ವೋಲ್ಟ್ ಕೊಡುತ್ತದೆ. ಈಈಪ್ರಾಮ್ ಅದನ್ನು ತಡೆದುಕೊಳ್ಳುತ್ತದೆ, ಅದೇ ಲೈನಿನಲ್ಲಿರುವ 3.3 ವೋಲ್ಟಿನ ಬೇರೆ ಚಿಪ್ ತಡೆಯಬೇಕೆಂದಿಲ್ಲ. ಕ್ಲಿಪ್ ಹಾಕಿ ಬೋರ್ಡ್ ಮೇಲೇ ಓದುವ ಬದಲು ಚಿಪ್ಪನ್ನು ಬಿಚ್ಚಿ ಓದುವುದೇ ವಾಸಿ. ಹಾಟ್ ಏರ್ ಇರುವ ಮೊಬೈಲ್ ರಿಪೇರಿಯವರಿಗೆ ಇದು ಸುಲಭದ ಕೆಲಸ. 24ಸಿ02 ಆದರೆ ಫೈಲ್ 256 ಬೈಟ್, 24ಸಿ16 ಆದರೆ 2048 ಬೈಟ್ ಇರಬೇಕು.

ಮುಂದಿನದು ಮೈಕ್ರೋಕಂಟ್ರೋಲರ್. ಬೋರ್ಡಿನಲ್ಲಿ ಸಾಲಾಗಿ ನಾಲ್ಕು ಪ್ಯಾಡ್ ಇದ್ದರೆ ಅವು ಪ್ರೋಗ್ರಾಮಿಂಗ್‌ಗೇ ಇರಬಹುದು. ಖಚಿತ ಮಾಡಿಕೊಳ್ಳಲು ಮೀಟರಿನ ಬೀಪ್ ಇಟ್ಟು ನೋಡಿ. 48 ಕಾಲಿನ ಎಸ್‌ಟಿಎಂ32ಎಫ್103ರಲ್ಲಿ ಡೇಟಾ 34ನೇ ಕಾಲು, ಕ್ಲಾಕ್ 37ನೇ ಕಾಲು. 64 ಕಾಲಿನದರಲ್ಲಿ 46 ಮತ್ತು 49. ಎಸ್‌ಟಿ-ಲಿಂಕ್‌ನಿಂದ ಡೇಟಾ, ಕ್ಲಾಕ್, ಗ್ರೌಂಡ್ ಮೂರೇ ವೈರ್ ಕೊಡಿ. ಬೋರ್ಡಿಗೆ ತನ್ನದೇ ಸಪ್ಲೈ ಇರುವಾಗ ಎಸ್‌ಟಿ-ಲಿಂಕಿನ 3.3 ವೋಲ್ಟ್ ವೈರನ್ನು ಜೋಡಿಸಬಾರದು. ಎರಡು ಸಪ್ಲೈ ಒಂದನ್ನೊಂದು ತಳ್ಳುತ್ತವೆ.

ಎಸ್‌ಟಿ ಕಂಪನಿಯೇ ಉಚಿತವಾಗಿ ಕೊಡುವ ಎಸ್‌ಟಿಎಂ32 ಕ್ಯೂಬ್ ಪ್ರೋಗ್ರಾಮರ್ ತೆರೆದು ಕನೆಕ್ಟ್ ಒತ್ತಿ. ಸಿಗದಿದ್ದರೆ ರಿಸೆಟ್ ವೈರನ್ನೂ ಜೋಡಿಸಿ 'ಅಂಡರ್ ರಿಸೆಟ್' ಆಯ್ಕೆ ಮಾಡಿ. ನಕಲಿ ಚಿಪ್ ಇದ್ದರೆ ಸಾಫ್ಟ್‌ವೇರ್ ಗುರುತೇ ಹಿಡಿಯದೆ ತಕರಾರು ತೆಗೆಯಬಹುದು. ಅದರಿಂದ ಚಿಪ್ ಸತ್ತಿದೆ ಅಂತ ತೀರ್ಮಾನಿಸಬೇಡಿ. ಓದಲು ಬಂದರೆ ಪೂರ್ತಿ ಓದಿ ಫೈಲ್ ಉಳಿಸಿ. ಮತ್ತೊಮ್ಮೆ ಓದಿ ಬೇರೆ ಹೆಸರಿನಲ್ಲಿ ಉಳಿಸಿ, ಎರಡನ್ನೂ ಹೋಲಿಸಿ. ಒಂದು ಬೈಟ್ ವ್ಯತ್ಯಾಸ ಇದ್ದರೂ ವೈರ್ ಸಡಿಲ ಇದೆ. 64 ಕೆಬಿ ಚಿಪ್ ಆದರೆ ಫೈಲ್ ಸರಿಯಾಗಿ 65,536 ಬೈಟ್ ಇರಬೇಕು.

ಆದರೆ ಮಾರಾಟಕ್ಕೆ ಬಂದ ಯಂತ್ರಗಳಲ್ಲಿ ಹೆಚ್ಚಿನವು ಓದಲು ಬಿಡುವುದಿಲ್ಲ. ರೀಡ್ ಪ್ರೊಟೆಕ್ಷನ್ ಹಾಕಿರುತ್ತಾರೆ. ಆಗ ಸಾಫ್ಟ್‌ವೇರ್ 'ಅನ್‌ಲಾಕ್ ಮಾಡಲೇ' ಅಂತ ಬಲು ವಿನಯದಿಂದ ಕೇಳುತ್ತದೆ. ಅಲ್ಲಿ ಕೈ ತಡೆಯಿರಿ. ಅನ್‌ಲಾಕ್ ಒತ್ತಿದರೆ ಚಿಪ್ಪಿನ ಫ್ಲ್ಯಾಶ್ ಪೂರ್ತಿ ಅಳಿಸಿ ಹೋಗುತ್ತದೆ. ಅದು ದೋಷ ಅಲ್ಲ, ಚಿಪ್ಪಿನ ರಚನೆಯೇ ಹಾಗೆ. ಮೂಲ ಫರ್ಮ್‌ವೇರ್, ಒಳಗಿದ್ದರೆ ಕ್ಯಾಲಿಬ್ರೇಶನ್, ಬೂಟ್‌ಲೋಡರ್ (ಆನ್ ಆದಾಗ ಮೊದಲು ಓಡಿ ಫರ್ಮ್‌ವೇರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್), ಎಲ್ಲ ಹೋಗುತ್ತವೆ. ಹಾಕಲು ಪೂರ್ತಿ ಫೈಲ್ ಕೈಯಲ್ಲಿದ್ದರೆ ಮಾತ್ರ ಮುಂದುವರಿಯಿರಿ.

ಡಿಪಿಎಸ್ ಸರಣಿಗೆ ಓಪನ್ ಡಿಪಿಎಸ್ ಎಂಬ ತೆರೆದ ಫರ್ಮ್‌ವೇರ್ ಇದೆ. ಅದನ್ನು ಹಾಕಲೂ ಇದೇ ಅನ್‌ಲಾಕ್ ಬಾಗಿಲಿನಿಂದಲೇ ಹೋಗಬೇಕು, ಮೂಲ ಫರ್ಮ್‌ವೇರಿಗೆ ವಾಪಸ್ ದಾರಿ ಇಲ್ಲ. ಕಂಪ್ಯೂಟರಿನಿಂದ ನಿಯಂತ್ರಿಸುವ ಅಗತ್ಯ ನಿಜವಾಗಿ ಇದ್ದರೆ ಅದು ಒಳ್ಳೆಯದು. ದಿನಾ ಬೇಲಿ ಎನರ್ಜೈಸರ್ ರಿಪೇರಿಗೆ 12 ವೋಲ್ಟ್ ಕೊಡುವ ಯಂತ್ರಕ್ಕೆ ಈ ಉಸಾಬರಿ ಬೇಡ.

ಫ್ಲ್ಯಾಶ್

ಫೈಲ್ ನಿಮ್ಮ ಮಾದರಿಗೆ ಮಾತ್ರವಲ್ಲ, ಬೋರ್ಡ್ ರಿವಿಷನ್‌ಗೂ ಹೊಂದಬೇಕು. ತಯಾರಕರದೇ ಅಪ್‌ಡೇಟ್ ಸಾಫ್ಟ್‌ವೇರ್ ಇದ್ದರೆ ಅದೇ ಮೊದಲ ಆಯ್ಕೆ. ಅದು ಸಾಮಾನ್ಯವಾಗಿ ಬೂಟ್‌ಲೋಡರನ್ನು ಮುಟ್ಟುವುದಿಲ್ಲ, ಅರ್ಧಕ್ಕೆ ನಿಂತರೂ ಮತ್ತೆ ಪ್ರಯತ್ನಿಸಲು ಆಗುತ್ತದೆ. ಯುಪಿಎಸ್ ಮೇಲೆ ಓಡಿಸಿ, ಗಿಡ್ಡ ಕೇಬಲ್ ಬಳಸಿ, ಔಟ್‌ಪುಟ್‌ಗೆ ಏನನ್ನೂ ಜೋಡಿಸಬೇಡಿ. ವೈಫೈ ಮೂಲಕ ಅಪ್‌ಡೇಟ್ ಮಾಡುವ ಸೌಕರ್ಯ ಇದ್ದರೂ ಕೇಬಲ್ಲೇ ಇರಲಿ.

ಎಸ್‌ಟಿ-ಲಿಂಕ್‌ನಿಂದ ನೇರ ಬರೆಯುವಾಗ ಫೈಲಿನ ಬಗೆ ನೋಡಿ. ಹೆಕ್ಸ್ ಫೈಲ್‌ನಲ್ಲಿ ಎಲ್ಲಿಂದ ಬರೆಯಬೇಕು ಎಂಬ ವಿಳಾಸ ಒಳಗೇ ಇರುತ್ತದೆ. ಬಿನ್ ಫೈಲ್‌ನಲ್ಲಿ ಇರುವುದಿಲ್ಲ, ನೀವೇ ಕೊಡಬೇಕು. ಅಪ್‌ಡೇಟ್‌ಗೆಂದು ಕೊಟ್ಟ ಬಿನ್ ಫೈಲ್ ಬೂಟ್‌ಲೋಡರಿನ ನಂತರದ ಜಾಗದಿಂದ ಶುರುವಾಗಬೇಕಾದದ್ದು. ಅದನ್ನು ಫ್ಲ್ಯಾಶಿನ ಮೊದಲಿಗೇ ಬರೆದರೆ ಬೂಟ್‌ಲೋಡರ್ ಹೋಗುತ್ತದೆ, ಫರ್ಮ್‌ವೇರೂ ಓಡುವುದಿಲ್ಲ. ಬರೆದ ಮೇಲೆ ವೆರಿಫೈ ಕಡ್ಡಾಯ.

ಕ್ಯಾಲಿಬ್ರೇಶನ್

ಯಂತ್ರವನ್ನು ಅರ್ಧ ಗಂಟೆ ಆನ್ ಮಾಡಿ ಬಿಸಿಯಾಗಲು ಬಿಡಿ. ಮಲ್ಟಿಮೀಟರಿಗೆ ಹೊಸ ಬ್ಯಾಟರಿ ಹಾಕಿ. ಅಗ್ಗದ ಮೀಟರ್ ಬ್ಯಾಟರಿ ಇಳಿದಾಗ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಶಿವಮೊಗ್ಗದ ಇಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಪರಿಚಯದವರಿದ್ದರೆ ಅಲ್ಲಿಯ ಒಳ್ಳೆಯ ಮೀಟರಿಗೆ ನಿಮ್ಮದನ್ನು ಒಮ್ಮೆ ಹೋಲಿಸಿಕೊಳ್ಳಿ.

ಎರಡು ಕಡೆ ಅಳೆಯಬೇಕು, ಕೆಳಗೊಂದು, ಮೇಲೊಂದು. ಉದಾಹರಣೆಗೆ 3.00ಕ್ಕೆ ಇಟ್ಟಾಗ ಮೀಟರಿನಲ್ಲಿ 3.05 ಬಂತು. 27.00ಕ್ಕೆ ಇಟ್ಟಾಗ 27.53 ಬಂತು. ಸೆಟ್ಟಿಂಗ್ 24 ವೋಲ್ಟ್ ಏರಿದಾಗ ನಿಜವಾಗಿ ಏರಿದ್ದು 24.48. ಭಾಗಿಸಿದರೆ 1.02, ಇದು ಗೇನ್. 3.00ನ್ನು 1.02ರಿಂದ ಗುಣಿಸಿದರೆ 3.06, ಸಿಕ್ಕಿದ್ದು 3.05, ಹಾಗಾಗಿ ಆಫ್‌ಸೆಟ್ ಮೈನಸ್ 0.01. ಮೆನುವಿನಲ್ಲಿ ಎರಡು ಬಿಂದು ಕೇಳುವ ಯಂತ್ರ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಅಂಕಿಗಳನ್ನೇ ಕೇಳುವಂಥದ್ದಾದರೆ ನೀವು ಹಾಕಿಕೊಡಬೇಕು.

ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಯಂತ್ರದ ಸ್ಕ್ರೀನ್ ಏನು ಹೇಳುತ್ತಿದೆ? ಸೆಟ್ ಮಾಡುವ ದಾರಿ ಬೇರೆ, ಅಳೆದು ತೋರಿಸುವ ದಾರಿ ಬೇರೆ, ಎರಡಕ್ಕೂ ಬೇರೆಬೇರೆ ಕ್ಯಾಲಿಬ್ರೇಶನ್. ಒಂದು ಮಾತ್ರ ತಪ್ಪಿದ್ದರೆ ಅಂಕಿ ಕೆಟ್ಟಿರಬಹುದು. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿ, ಸ್ಕ್ರೀನ್ ಮಾತ್ರ 27.00 ಅಂತ ಶಾಂತವಾಗಿ ತೋರಿಸುತ್ತಿದ್ದರೆ ಎರಡಕ್ಕೂ ಸಾಮಾನ್ಯವಾದ ರೆಫರೆನ್ಸ್ ವೋಲ್ಟೇಜ್ (ಎಲ್ಲ ಅಳತೆಗೂ ಆಧಾರವಾದ ವೋಲ್ಟೇಜ್) ಜರುಗಿದೆ. 2.50 ಇರಬೇಕಾದಲ್ಲಿ 2.55 ಇದ್ದರೆ ಮೇಲಿನ ಆ ಶೇ. 2ರ ಲೆಕ್ಕ ಅಲ್ಲೇ ಸಿಕ್ಕಿತು. ರೆಫರೆನ್ಸ್ ಚಿಪ್ ಬದಲಾಯಿಸಿ, ಹಳೇ ಕ್ಯಾಲಿಬ್ರೇಶನ್ ಅಂಕಿಗಳು ಹೆಚ್ಚೂಕಡಿಮೆ ಹಾಗೇ ಹೊಂದುತ್ತವೆ.

ಕರೆಂಟಿಗೆ ಶೇ. 1ರ ನಿಖರತೆಯ 0.1 ಓಮ್, 10 ವ್ಯಾಟ್ ರೆಸಿಸ್ಟರ್ ಔಟ್‌ಪುಟ್‌ಗೆ ಹಾಕಿ, ವೋಲ್ಟೇಜನ್ನು ಒಂದು ವೋಲ್ಟಿಗಿಂತ ಸ್ವಲ್ಪ ಮೇಲಿಟ್ಟು ಕರೆಂಟ್ ಲಿಮಿಟ್ ಬದಲಾಯಿಸಿ. ರೆಸಿಸ್ಟರಿನ ಕಾಲಿಗೇ ಮೀಟರ್ ಹಿಡಿದರೆ 1 ಆಂಪ್‌ಗೆ 0.100 ವೋಲ್ಟ್, 4 ಆಂಪ್‌ಗೆ 0.400 ಬರಬೇಕು. ರೆಸಿಸ್ಟರಿನದೇ ತಪ್ಪು ಶೇ. 1 ಇರಬಹುದಾದ್ದರಿಂದ ಅದಕ್ಕಿಂತ ನಿಖರತೆ ಇದರಲ್ಲಿ ಸಿಗುವುದಿಲ್ಲ. ಒಳ್ಳೆ ಮೀಟರಿನ 10 ಆಂಪ್ ರೇಂಜ್ ಇದ್ದರೆ ಅದನ್ನೇ ಬಳಸಿ, ಆದರೆ ಹಲವು ಮೀಟರ್‌ಗಳಲ್ಲಿ ಆ ರೇಂಜಿಗೆ ಕೆಲವೇ ಸೆಕೆಂಡುಗಳ ಮಿತಿ ಇರುತ್ತದೆ.

ಹೊಸ ಅಂಕಿಗಳನ್ನು ಬರೆದ ಮೇಲೆ ಆಫ್ ಮಾಡಿ, ಆನ್ ಮಾಡಿ, ಉಳಿದಿವೆಯೇ ನೋಡಿ. ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ.

ಗಿರಾಕಿಯ ಬೋರ್ಡ್ ಜೋಡಿಸುವ ಮೊದಲು ಬೈಕಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಹಾಕಿ ನೋಡಿ. ಸುಮಾರು 1.75 ಆಂಪ್ ಎಳೆಯುತ್ತದೆ. ತಣ್ಣಗಿರುವ ಫಿಲಮೆಂಟ್ ಮೊದಲ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುವುದರಿಂದ ಕರೆಂಟ್ ಲಿಮಿಟ್ ಹಿಡಿದು ಬಿಡುತ್ತದೆಯೇ ಅನ್ನುವುದೂ ಗೊತ್ತಾಗುತ್ತದೆ. ಲಿಮಿಟ್ 1 ಆಂಪ್‌ಗೆ ಇಳಿಸಿ, ಬಲ್ಬ್ ಮಂಕಾಗಬೇಕು. ಓವರ್ ವೋಲ್ಟೇಜ್ ಮಿತಿಯನ್ನು 10ಕ್ಕೆ ಇಟ್ಟು ವೋಲ್ಟೇಜ್ ಏರಿಸಿ, ಔಟ್‌ಪುಟ್ ಕಟ್ ಆಗಬೇಕು. ಔಟ್‌ಪುಟ್ ಬಟನ್ ಒತ್ತಿದಾಗ ವೋಲ್ಟೇಜ್ ಒಂದು ಕ್ಷಣ ಮೇಲೆ ಜಿಗಿಯುವ ಅನುಮಾನ ಇದ್ದರೆ ಆಸಿಲೋಸ್ಕೋಪಿನಲ್ಲಿ ನೋಡಬೇಕು, ಮಲ್ಟಿಮೀಟರಿಗೆ ಅದು ಕಾಣುವುದೇ ಇಲ್ಲ. ಈ ಪರೀಕ್ಷೆಗಳಲ್ಲಿ ಒಂದು ಫೇಲಾದರೂ ಲಿಥಿಯಂ ಬ್ಯಾಟರಿಯನ್ನು ಅದಕ್ಕೆ ಜೋಡಿಸಬೇಡಿ.